ಮಗನ ಬೇಸಿಗೆ ರಜೆ: ಚರ್ಚಿನ ಶಿಬಿರವೋ, ಸಾಹಸ ಶಿಬಿರವೋ, ಅಜ್ಜಿ ಮನೆಯೋ?

ಮೂರು ಬೇಸಿಗೆಯಲ್ಲಿ ಮಗನನ್ನು ಮೂರು ಕಡೆ ಕಳಿಸಿ ನೋಡಿದೆ. ಮೊದಲ ವರ್ಷ ಶರಾವತಿ ಹಿನ್ನೀರಿನ ದಡದ ಖಾಸಗಿ ಸಾಹಸ ಶಿಬಿರ, ಮರುವರ್ಷ ಅದೇ ಹಿನ್ನೀರಿನ ಇನ್ನೊಂದು ಮಗ್ಗುಲಲ್ಲಿ ಚರ್ಚಿನವರು ಹುಡುಗರಿಗಾಗಿ ನಡೆಸುವ ಶಿಬಿರ, ಹೋದ ವರ್ಷ ಹೊಸನಗರದ ಹತ್ತಿರ ನನ್ನ ತವರು.

ನಾನು ಅಳೆದಿದ್ದು ಒಂದೇ ಲೆಕ್ಕದಲ್ಲಿ: ನೀರಿಗಿಳಿದ ಮಗುವಿನ ಮೇಲೆ ಯಾರ ಕಣ್ಣಿದೆ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರು, ಗದ್ದೆ, ಕಾಡು ಎಲ್ಲ ಮುಳುಗಿದವಲ್ಲ, ಆ ಕಾಡಿನ ಬೊಡ್ಡೆಗಳು ಬೇಸಿಗೆಯಲ್ಲಿ ನೀರು ಇಳಿದಾಗ ಕಾಣಿಸಿಕೊಳ್ಳುತ್ತವೆ. ಕಾಣದೆ ಒಂದಡಿ ಕೆಳಗೆ ಉಳಿದವೇ ಹೆಚ್ಚು ಅಪಾಯ. ದಡದ ಕೆಸರಿಗೆ ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತದೆ.

ಸಾಹಸ ಶಿಬಿರದಲ್ಲಿ ಕಯಾಕು, ಟೆಂಟು, ರಾತ್ರಿ ಬೆಂಕಿ ಎಲ್ಲ ಇತ್ತು. ಮಗ ಕುಣಿದಾಡಿದ. ಆದರೆ ಅವನಿಗೆ ಹಾಕಿದ್ದು ದೊಡ್ಡವರ ಲೈಫ್ ಜಾಕೆಟ್. ನೀರಿಗಿಳಿದ ಕೂಡಲೇ ಅದು ಕಿವಿಯವರೆಗೆ ಏರಿತು. ದಡದಲ್ಲಿ ನಿಂತಿದ್ದ ನನಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ಹೇಳಿದ್ದಕ್ಕೆ "ಏನೂ ಆಗಲ್ಲ ಮೇಡಂ" ಅಂದರು. ಅಷ್ಟಕ್ಕೆ ಆ ಜಾಗ ನನ್ನ ಪಟ್ಟಿಯಿಂದ ಹೋಯಿತು.

ಚರ್ಚಿನ ಶಿಬಿರದಲ್ಲಿ ಕಯಾಕು ಇಲ್ಲ. ಉದ್ದನೆ ಹಾಲ್, ಚಾಪೆ, ಬೆಳಿಗ್ಗೆ ಗಂಜಿ-ಉಪ್ಪಿನಕಾಯಿ. ಬಚ್ಚಲು ಸಾಲದು, ದಿನಾ ಸಾಲು ನಿಲ್ಲಬೇಕು. ಕೊನೆಯ ದಿನ ನಾನು ಹೋದಾಗ ಹುಡುಗರು ನೀರಿಗಿಳಿಯುವ ಹೊತ್ತು. ಬ್ರದರ್ ಒಬ್ಬೊಬ್ಬನ ಜಾಕೆಟ್ಟನ್ನೂ ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡುತ್ತಿದ್ದರು. ಗಲ್ಲ ದಾಟಿ ಏರಿದರೆ ಬಿಚ್ಚಿಸಿ ಬೇರೆಯದು. ಬೊಡ್ಡೆಯಿಲ್ಲದ ಕಡೆ ಹಗ್ಗ ಕಟ್ಟಿ ಗಡಿ ಮಾಡಿದ್ದರು. ಇಬ್ಬಿಬ್ಬರು ಜೋಡಿ. ಸೀಟಿ ಊದಿದರೆ ಜೋಡಿಗಳು ಕೈ ಹಿಡಿದು ಎತ್ತಬೇಕು, ಎಣಿಕೆ ಸರಿಹೋಗುವ ತನಕ ಯಾರೂ ಅಲ್ಲಾಡುವಂತಿಲ್ಲ. ಮಧ್ಯಾಹ್ನದ ಮೇಲೆ ಗುಡುಗಿದರೆ ಎಲ್ಲರೂ ದಡಕ್ಕೆ. ಕಾಡಿನ ದಾರಿಗೆ ಹೊರಡುವ ಮುಂಚೆ ಕೈಕಾಲಿಗೆ ಉಣುಗು ಹತ್ತದಂತೆ ಹಚ್ಚುವ ಡೆಪಾ ಎಣ್ಣೆ, ಸಂಜೆ ಬಂದಮೇಲೆ ಬಟ್ಟೆ ಬಿಚ್ಚಿಸಿ ಉಣುಗು ಹುಡುಕುವುದು. ಉಣುಗು ಕಚ್ಚಿದರೆ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದು ನಮ್ಮ ಸೊರಬದ ಕ್ಯಾಸನೂರಿನಲ್ಲಿ. ಬೇಸಿಗೆಯಲ್ಲಿ ಮಲೆನಾಡಿನ ಕಾಡಿಗೆ ಮಕ್ಕಳನ್ನು ಕರೆದೊಯ್ಯುವವರು ಇಷ್ಟಾದರೂ ಮಾಡಲೇಬೇಕು.

ಪ್ರಾರ್ಥನೆಯ ವಿಚಾರ ಹಲವರು ಕೇಳುತ್ತಾರೆ. ನಾವು ಕ್ರೈಸ್ತರಲ್ಲ. ಮೊದಲೇ ಫಾದರ್ ಹತ್ತಿರ ಮಾತಾಡಿದ್ದೆ. ಬೆಳಿಗ್ಗೆ-ಸಂಜೆ ಪ್ರಾರ್ಥನೆ ಇರುತ್ತದೆ, ನಿಮ್ಮ ಹುಡುಗ ಸುಮ್ಮನೆ ಕೂತಿದ್ದರೆ ಸಾಕು ಅಂದರು, ಹಾಗೇ ನಡೆದುಕೊಂಡರು. ಮಗ ಮನೆಗೆ ಬಂದು ಊಟಕ್ಕೆ ಮುಂಚೆ ಒಂದು ಕ್ಷಣ ಕಣ್ಮುಚ್ಚುವ ಅಭ್ಯಾಸ ತಂದ. ನನಗೆ ಅದು ಇಷ್ಟವಾಯಿತು.

ತವರಿನಲ್ಲಿ ಈಜು ಕಲಿಸಿದ್ದು ನನ್ನಣ್ಣ. ಒಣಗಿದ ಸೋರೆಬುರುಡೆ ಸೊಂಟಕ್ಕೆ ಕಟ್ಟಿ, ಹೊಟ್ಟೆಯ ಕೆಳಗೆ ಕೈಕೊಟ್ಟು, ಊರ ಕೆರೆಯಲ್ಲಿ. ಒಂದು ಮಗುವಿಗೆ ಒಬ್ಬ ಮಾವ, ಅದಕ್ಕಿಂತ ಭದ್ರ ಯಾವ ಶಿಬಿರದಲ್ಲೂ ಇಲ್ಲ. ಕೊರತೆ ಅಂದರೆ ಜೊತೆ. ಓರಗೆಯ ಮಕ್ಕಳೆಲ್ಲ ಬೆಂಗಳೂರು ಸೇರಿದ್ದಾರೆ, ನಾಲ್ಕನೇ ದಿನಕ್ಕೇ ಮಗ ಬೇಜಾರು ಅಂದ.

ಈಜು ಬಾರದ, ಗೆಳೆಯರು ಬೇಕೆನ್ನುವ ಹುಡುಗನಿಗೆ ನಾನು ಹೇಳುವುದು ಚರ್ಚಿನ ಶಿಬಿರವನ್ನೇ. ಒಂದು ಬೇಸರ ಉಂಟು: ಅದು ಗಂಡುಮಕ್ಕಳಿಗೆ ಮಾತ್ರ. "ನಾನ್ಯಾಕೆ ಹೋಗಬಾರದು?" ಅಂತ ಮಗಳು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಸಲ ಮಗ ಅಲ್ಲಿಗೆ, ಮಗಳು ಮಾವನ ಕೆರೆಗೆ. ಸೋರೆಬುರುಡೆ ಒಣಗಿಸಿಡು ಅಂತ ಅಣ್ಣನಿಗೆ ಹೇಳಿದ್ದೇನೆ.