ಹುಬ್ಬಳ್ಳಿಯಿಂದ ಅಘನಾಶಿನಿ ಅಳಿವೆಗೆ: ಒಂದು ಪ್ಯಾಕೇಜ್ ಪ್ರವಾಸದ ವಿಮರ್ಶೆ

ಹುಬ್ಬಳ್ಳಿಯ ಪ್ರವಾಸ ಸಂಸ್ಥೆಯೊಂದು ನಡೆಸುವ ಎರಡು ದಿನಗಳ ‘ಅಳಿವೆ ಪುನಶ್ಚೇತನ ಪ್ರವಾಸ’ಕ್ಕೆ ಕಳೆದ ಡಿಸೆಂಬರ್‌ನಲ್ಲಿ ಮನೆಮಂದಿಯೊಂದಿಗೆ ಹೋಗಿಬಂದೆ. ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಘನಾಶಿನಿ ನದಿ ಕಡಲು ಸೇರುವ ಕುಮಟಾ ಸೀಮೆ ತಲುಪುವವರೆಗೆ ದೂರಲು ಏನೂ ಇರಲಿಲ್ಲ. ಬಸ್ಸು ಸ್ವಚ್ಛವಾಗಿತ್ತು, ಊಟ ಹಿತವಾಗಿತ್ತು.

ಕೊಟ್ಟ ಹಣ ಸಾರ್ಥಕವೆನಿಸಿದ್ದು ದೋಣಿಯಲ್ಲಿ. ದೋಣಿ ನಡೆಸಿದ ಸ್ಥಳೀಯರು ಕಾಂಡ್ಲಾ (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಗಿಡದ ಬೀಜ ಮರದಲ್ಲಿರುವಾಗಲೇ ಮೊಳೆತು, ಉದ್ದನೆಯ ಕೋಡಾಗಿ ಕೆಸರಿಗೆ ಬಿದ್ದು ನಾಟಿಕೊಳ್ಳುವುದನ್ನು ಕೈಯಲ್ಲಿ ಹಿಡಿದು ತೋರಿಸಿದರು. ಮಳೆಗಾಲದಲ್ಲಿ ಉಪ್ಪು ತೊಳೆದುಹೋದ ಗಜನಿ ಗದ್ದೆಗಳಲ್ಲಿ (ಒಡ್ಡು ಕಟ್ಟಿ ಉಪ್ಪುನೀರು ತಡೆದ ಅಳಿವೆಯಂಚಿನ ತಗ್ಗು ಗದ್ದೆಗಳು) ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ಕ್ರಮವನ್ನೂ, ಒಡ್ಡಿನ ಹೊರಗೆ ಕಾಂಡ್ಲಾ ದಟ್ಟವಾಗಿದ್ದರೆ ಅಲೆಗಳ ಹೊಡೆತ ತಗ್ಗಿ ಒಡ್ಡು ಉಳಿಯುವುದನ್ನೂ ಅವರು ವಿವರಿಸಿದ ರೀತಿ ಯಾವ ಪಾಠಕ್ಕೂ ಕಡಿಮೆಯಿರಲಿಲ್ಲ.

ಸಂಸ್ಥೆಯ ಮಾರ್ಗದರ್ಶಿಯ ಬಗ್ಗೆ ಅದೇ ಮಾತು ಹೇಳಲಾರೆ. ಈ ಅಳಿವೆಗೂ ಗದಗ ಜಿಲ್ಲೆಯ ಮಾಗಡಿ ಕೆರೆಗೂ 2024ರ ಜನವರಿಯಲ್ಲಿ ಒಟ್ಟಿಗೇ ರಾಮ್ಸರ್ ಮಾನ್ಯತೆ (ಮಹತ್ವದ ಜೌಗುಪ್ರದೇಶಗಳಿಗೆ ಸಿಗುವ ಅಂತರರಾಷ್ಟ್ರೀಯ ಮನ್ನಣೆ) ಪ್ರಕಟವಾದ ಸಂಗತಿಯನ್ನು, ಬಸ್ಸಿನಲ್ಲಿ ಅರ್ಧದಷ್ಟು ಜನ ಗದಗಿನವರೇ ಇದ್ದರೂ, ಅವರು ಪ್ರಸ್ತಾಪಿಸಲೇ ಇಲ್ಲ. ಕರಪತ್ರದಲ್ಲಿ ‘ಕಡಲಹುಲ್ಲಿನ ದರ್ಶನ’ ಎಂದಿತ್ತು. ದೇಶದಲ್ಲಿ ಕಡಲಹುಲ್ಲಿನ ವಿಶಾಲ ಹಾಸುಗಳಿಗೆ ಹೆಸರಾದದ್ದು ತಮಿಳುನಾಡಿನ ಪಾಕ್ ಕೊಲ್ಲಿ ಮತ್ತು ಮನ್ನಾರ್ ಕೊಲ್ಲಿ. ಅದನ್ನೇ ಮೇಯುವ ಕಡಲಹಸುವಿಗಾಗಿ (ಡುಗಾಂಗ್ ಎಂಬ ಕಡಲ ಸಸ್ತನಿ) ಅಲ್ಲಿನ ಸರ್ಕಾರ 2022ರಲ್ಲಿ 448 ಚದರ ಕಿಲೋಮೀಟರ್ ಸಂರಕ್ಷಿತ ಪ್ರದೇಶವನ್ನು ಘೋಷಿಸಿದೆ. ನಮಗೆ ದರ್ಶನವಾದದ್ದು ಕಡಲಹುಲ್ಲಿನ ಮುದ್ರಿತ ಚಿತ್ರ ಮಾತ್ರ.

ನನ್ನ ಮುಖ್ಯ ತಕರಾರು ಗಿಡ ನೆಡುವ ಕಾರ್ಯಕ್ರಮದ್ದು. ತಲೆಗೊಂದು ಸಸಿ ಕೊಟ್ಟು, ಬಯಲಾಗಿದ್ದ ಕೆಸರು ದಿಬ್ಬದಲ್ಲಿ ನೆಡಿಸಿ, ಫೋಟೋ ತೆಗೆದರು. ಆ ದಿಬ್ಬ ಖಾಲಿ ಜಾಗವಲ್ಲ. ಇಳಿತದ ಹೊತ್ತಿಗೆ ಹೆಂಗಸರು ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುವುದು ಅಲ್ಲಿಯೇ ಎಂದು ದೋಣಿಯವರು ಮೆಲ್ಲನೆ ಹೇಳಿದರು. ತೀರ ತಗ್ಗಿನಲ್ಲಿ ನೆಟ್ಟ ಸಸಿ ದಿನದ ಹೆಚ್ಚು ಹೊತ್ತು ಮುಳುಗಿಯೇ ಇದ್ದು ಸಾಯುತ್ತದೆ. ಮುಂದೆ ಇವನ್ನು ನೋಡಿಕೊಳ್ಳುವವರು ಯಾರೆಂದು ಕೇಳಿದ್ದಕ್ಕೆ ಮಾರ್ಗದರ್ಶಿಯಿಂದ ‘ಸರ್ಕಾರ’ ಎಂಬ ಒಂದೇ ಪದದ ಉತ್ತರ ಬಂತು. ಸರ್ಕಾರದ ಪಾತ್ರವನ್ನು ಹೇಳುವುದಿದ್ದರೆ ಬೇಕಾದಷ್ಟಿತ್ತು: 2023ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾದ ಮಿಷ್ಟಿ ಯೋಜನೆಯು ಕಾಂಡ್ಲಾ ಬೆಳೆಸಲು ಉದ್ಯೋಗ ಖಾತರಿ ಮತ್ತು ಕಾಂಪಾ (ಕಳೆದುಕೊಂಡ ಕಾಡಿಗೆ ಬದಲಾಗಿ ಕಾಡು ಬೆಳೆಸುವ) ನಿಧಿಗಳನ್ನು ಒಗ್ಗೂಡಿಸುವಂಥದ್ದು, ಉದ್ಯೋಗ ಖಾತರಿ ಎಂದಮೇಲೆ ಗ್ರಾಮ ಪಂಚಾಯಿತಿ ಬಂದೇ ಬಂತು. ಎಲ್ಲಿ ನೆಡಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಬಳಚು ಆರಿಸುವವರನ್ನು ಕೂರಿಸಿಕೊಂಡು ಗ್ರಾಮಸಭೆಯಲ್ಲಿ ತೀರ್ಮಾನಿಸಲು ಅವಕಾಶವಿರುವಾಗ, ಹುಬ್ಬಳ್ಳಿಯಿಂದ ಬಂದ ನಾವು ಒಂದು ತಾಸಿನಲ್ಲಿ ಅದನ್ನು ನಿರ್ಧರಿಸಿಬಿಟ್ಟೆವು. ಸಸಿ ನೆಟ್ಟವರಲ್ಲಿ ನಾನೂ ಒಬ್ಬ ಎಂಬುದನ್ನು ಮುಚ್ಚಿಡುವುದಿಲ್ಲ.

ವೇಳಾಪಟ್ಟಿಯೂ ಸರಿಯಿಲ್ಲ. ಉಬ್ಬರ ಇಳಿತಗಳು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ; ಇವರ ದೋಣಿ ಮಾತ್ರ ಪ್ರತಿ ಶನಿವಾರ ಮಧ್ಯಾಹ್ನ ಮೂರಕ್ಕೇ ಹೊರಡುತ್ತದೆ. ಮರುದಿನ ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ನೋಡಿದಾಗ ನೀರು ಇಳಿದಿತ್ತು, ಬುಟ್ಟಿ ಹಿಡಿದವರು ಕೆಸರಿನಲ್ಲಿ ಬಾಗಿದ್ದರು. ಬಸ್ಸು ನಿಲ್ಲಿಸಲಿಲ್ಲ. ಹೋಗುವವರು ಹಣ ಕಟ್ಟುವ ಮೊದಲು ಇಳಿತದ ವೇಳೆ ಕೇಳಿಕೊಳ್ಳಿ, ಗಿಡ ನೆಡುವ ಶುಲ್ಕವನ್ನು ಬಿಟ್ಟು ದೋಣಿಗೆ ಇನ್ನೊಂದು ತಾಸು ಸೇರಿಸಲು ಹೇಳಿ.