ಗೋಸುಂಬೆಗಿಂತ ದುಬಾರಿಯಾದ ಮೀಟರು: ಎರಡೂವರೆ ವರ್ಷದ ನಂತರ

ಗೋಸುಂಬೆ ಬಂದದ್ದು 8,000 ರೂಪಾಯಿಗೆ. ಅದರ ಬೆನ್ನ ಮೇಲೆ ಬೀಳುವ ಬೆಳಕನ್ನು ಅಳೆಯುವ ಮೀಟರಿಗೆ ಕೊಟ್ಟದ್ದು, ಕಸ್ಟಮ್ಸ್ ಸುಂಕ ಎಲ್ಲ ಸೇರಿ, 27,000. ಮನೆಯಲ್ಲಿ ಈ ಲೆಕ್ಕ ಹೇಳಿದ್ದು ಒಂದು ವರ್ಷ ಕಳೆದ ಮೇಲೆ. ಅದೂ ಪೂರ್ತಿ ಹೇಳಿಲ್ಲ. ಅಪ್ಪನಿಗೆ ಇವತ್ತಿಗೂ ಗೊತ್ತಿರುವ ಮೀಟರಿನ ರೇಟು 6,000. ಇದು ಅವರ ಮೊಬೈಲಿಗೆ ಹೋಗದಿದ್ದರೆ ಸಾಕು.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟದ ನಡುವಿನ ಮನೆ. ಪ್ರಾಣಿಯನ್ನು ಅಮ್ಮ ಕರೆಯುವುದು ಓಂತಿ ಅಂತ. ಪಕ್ಕದ ಮನೆಯ ಮಲಯಾಳಿಗಳಿಗೆ ಅದು ಓಂತ್. ನನಗೆ ಕಿಟ್ಟ. ಯೆಮನ್ ಕಡೆಯ ವೇಲ್ಡ್ ಕ್ಯಾಮೀಲಿಯನ್ ಜಾತಿ, ತಲೆ ಮೇಲೆ ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೊಪ್ಪಿ, ಇಟ್ಟುಕೊಂಡ ಹಾಗೆ ಇರುತ್ತದೆ. ನಮ್ಮ ಬೇಲಿಯಲ್ಲಿ ಕಾಣುವ ನಾಡ ಗೋಸುಂಬೆ ಅಲ್ಲ. ಅದನ್ನು ಹಿಡಿದು ಸಾಕಲು 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ, ಆಸೆ ಪಡಬೇಡಿ. ಹೊರದೇಶದ ಇದಕ್ಕೂ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಆಗಬೇಕು. ಕಿಟ್ಟನ ಕಾಗದಪತ್ರ ನನ್ನ ಬೈಕಿನ ಕಾಗದಪತ್ರಕ್ಕಿಂತ ಸರಿಯಾಗಿದೆ.

ಮೀಟರಿನ ಹೆಸರು ಸೋಲಾರ್‌ಮೀಟರ್ 6.5. ಅಂಗೈಯಗಲದ ಡಬ್ಬಿ, ಒಂದೇ ಬಟನ್, 9 ವೋಲ್ಟಿನ ಬ್ಯಾಟರಿ. ಒತ್ತಿ ಹಿಡಿದರೆ ಯುವಿ ಸೂಚ್ಯಂಕ, ಅಂದರೆ ಬೆಳಕಿನಲ್ಲಿ ಅತಿನೇರಳೆ (ಯುವಿ) ಕಿರಣ ಎಷ್ಟು ಜೋರು ಅನ್ನುವ ಅಂಕಿ, ತೋರಿಸುತ್ತದೆ, ಬಿಟ್ಟರೆ ಆರುತ್ತದೆ.

ಇದನ್ನು ಕೊಂಡದ್ದು ಸಿಟ್ಟಿನಿಂದ. ಕಿಟ್ಟ ಮರಿಯಾಗಿದ್ದಾಗ ಪೇಟೆಯ ಒಂದು ಅಂಗಡಿಯಿಂದ ಅವನಿಗೆ ಬೇಕಾದ ಯುವಿ ಕಿರಣಕ್ಕೆಂದು ಸುರುಳಿ ಬಲ್ಬು ತಂದಿದ್ದೆ. ಡಬ್ಬಿಯ ಮೇಲೆ ಮರುಭೂಮಿಯ ಚಿತ್ರ, ದಪ್ಪ ಅಕ್ಷರದಲ್ಲಿ 'ಯುವಿಬಿ 10.0'. ಹಚ್ಚಿದರೆ ಬೆಳ್ಳಗೆ, ಸ್ವಲ್ಪ ನೀಲಿ ಮಿಶ್ರ ಬೆಳಕು. ಆರು ತಿಂಗಳು ಅದರ ಕೆಳಗೆ ಕೂತು ಕಿಟ್ಟ ಬೆಳೆದ. ಬೆಳೆದ ಅನ್ನುವುದಕ್ಕಿಂತ ಉದ್ದವಾದ. 2023ರ ಜೂನಿನಲ್ಲಿ ಒಂದು ದಿನ ನೋಡುತ್ತೇನೆ, ಕೊಂಬೆ ಹಿಡಿಯುವ ಕೈ ನಡುಗುತ್ತಿದೆ. ಮುಂಗಾಲು ಸ್ವಲ್ಪ ಬಿಲ್ಲಿನ ಹಾಗೆ ಬಾಗಿದೆ. ಮಂಗಳೂರಿಗೆ ಒಯ್ದೆ. ಎಕ್ಸ್‌ರೇ ನೋಡಿದ ಡಾಕ್ಟರು ಮೂಳೆ ಮೆತ್ತಗಾಗಿದೆ ಅಂದರು. ಕ್ಯಾಲ್ಸಿಯಂ ಸಿರಪ್ ಬರೆದುಕೊಟ್ಟು, "ಲೈಟು ಸರಿ ಉಂಟಾ?" ಅಂತ ಕೇಳಿದರು. ಸರಿ ಉಂಟು ಅಂದೆ. ಡಬ್ಬಿಯಲ್ಲಿ ಬರೆದಿತ್ತಲ್ಲ!

ಗೋಸುಂಬೆ ತಿಂದ ಕ್ಯಾಲ್ಸಿಯಂ ಮೂಳೆಗೆ ಸೇರಬೇಕಾದರೆ ವಿಟಮಿನ್ ಡಿ3 ಬೇಕು. ಅದನ್ನು ಅದರ ಚರ್ಮ ಯುವಿಬಿ ಕಿರಣದಿಂದ ತಯಾರು ಮಾಡಿಕೊಳ್ಳುತ್ತದೆ. ಯುವಿಬಿ ಅಂದರೆ 280ರಿಂದ 315 ನ್ಯಾನೋಮೀಟರಿನ ಪಟ್ಟಿ, ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಬಲ್ಬು ಎಷ್ಟು ಬೆಳ್ಳಗೆ ಉರಿದರೂ ಅದರಿಂದ ಏನೂ ಗೊತ್ತಾಗುವುದಿಲ್ಲ. ಅಂಗಡಿಗೆ ಫೋನ್ ಮಾಡಿದರೆ "ಪ್ಯಾಕೆಟ್ ಓದಿ ಸಾರ್" ಅಂದ. ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ.

ಮೀಟರು ಬಂದ ದಿನ ಡಬ್ಬಿ ಒಡೆದು, ಬ್ಯಾಟರಿ ಹಾಕಿ, ಬಲ್ಬಿನಿಂದ ಆರು ಇಂಚು ಕೆಳಗೆ ಹಿಡಿದೆ. 0.0. ಮೂರು ಇಂಚಿಗೆ ತಂದೆ. 0.0. ಮೀಟರೇ ಹಾಳಾಗಿರಬೇಕು ಅಂತ ಎದೆ ಧಸಕ್ಕೆಂದಿತು, 27,000 ಅಲ್ವಾ? ಅಂಗಳಕ್ಕೆ ಓಡಿದೆ. ಮಳೆ ಬಿಟ್ಟ ಹೊತ್ತು, ಮೋಡ ಹಾಗೇ ಇತ್ತು. ಆಕಾಶಕ್ಕೆ ಹಿಡಿದರೆ 1.8. ಮೋಡದ ಹಿಂದಿನ ಸೂರ್ಯ 1.8 ಕೊಡುತ್ತಿದ್ದಾನೆ, ನನ್ನ 900 ರೂಪಾಯಿಯ ಬಲ್ಬು ಸೊನ್ನೆ! ಆರು ತಿಂಗಳು ಕಿಟ್ಟ ಕೂತದ್ದು ಒಂದು ಮಾಮೂಲಿ ಸಿಎಫ್ಎಲ್ ಕೆಳಗೆ.

ಆಮೇಲೆ ತರಿಸಿದ್ದು ಟಿ5 ಹೈ ಔಟ್‌ಪುಟ್ ಟ್ಯೂಬು, ಯುವಿಬಿ ಕೊಡುವ ಸಪೂರದ ಟ್ಯೂಬ್‌ಲೈಟು. 24 ವ್ಯಾಟ್, ಯುವಿಬಿ 6 ಪರ್ಸೆಂಟ್, ಹಿಂದೆ ಹೊಳೆಯುವ ರಿಫ್ಲೆಕ್ಟರ್. ಇದನ್ನು ಕೂರಿಸಿದ ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ಟ್ಯೂಬು ಹಚ್ಚಿ ಅರ್ಧ ಗಂಟೆ ಬಿಡಬೇಕು, ಬಿಸಿಯಾಗುವವರೆಗೆ ಅಂಕಿ ನಿಲ್ಲುವುದಿಲ್ಲ. ಅಷ್ಟರಲ್ಲಿ ಕಾಫಿ ಕುಡಿದೆ. ಆಮೇಲೆ ಕೊಂಬೆಯ ಹತ್ತಿರ, ಕಿಟ್ಟನ ಬೆನ್ನು ಬರುವ ಎತ್ತರಕ್ಕೆ ಮೀಟರಿನ ಕಣ್ಣನ್ನು ಟ್ಯೂಬಿನ ಕಡೆ ಹಿಡಿದೆ. ಕೊಂಬೆಯ ಎತ್ತರಕ್ಕೆ ಅಲ್ಲ, ಬೆನ್ನಿನ ಎತ್ತರಕ್ಕೆ. ಕೂತಾಗ ಅವನ ಮುಟ್ಟಾಳೆ ಮೂರು ಇಂಚು ಮೇಲೆ ಬರುತ್ತದೆ. ಆ ಮೂರು ಇಂಚಿನಲ್ಲಿ ಅಂಕಿ ಒಂದೂವರೆ ಪಟ್ಟು ಆಗುತ್ತದೆ.

ಜಾಲರಿ ಇಲ್ಲದೆ 4.6 ಬಂತು. ಗೂಡಿನ ಮೇಲಿನ ಜಾಲರಿಯ ಮೂಲಕ ಅದೇ ದೂರದಲ್ಲಿ 3.0. ಅಂದರೆ ಮೂರನೇ ಒಂದು ಭಾಗವನ್ನು ಜಾಲರಿಯೇ ನುಂಗುತ್ತದೆ. ಈ ಗೋಸುಂಬೆಗೆ ಬಿಸಿಲು ಕಾಯುವ ಜಾಗದಲ್ಲಿ ಸುಮಾರು 3 ಸಾಕು, ಸಾಕುವವರಲ್ಲಿ ಹೆಚ್ಚಿನವರು ಅದನ್ನೇ ಇಟ್ಟುಕೊಳ್ಳುತ್ತಾರೆ. ಜಾಸ್ತಿಯಾದರೆ ಹಗಲಲ್ಲೇ ಕಣ್ಣು ಮುಚ್ಚಿ ಕೂರುತ್ತವೆ, ಕಣ್ಣು ಉರಿದುಕೊಳ್ಳುತ್ತವೆ. ಹೊಸ ಟ್ಯೂಬು ಮೊದಲ ದಿನಗಳಲ್ಲಿ ಸ್ವಲ್ಪ ಜೋರಾಗಿಯೇ ಇರುತ್ತದೆ. ಮೊದಲ ವಾರ ಎರಡು ಇಂಚು ಮೇಲೆ ಕಟ್ಟಿದ್ದೆ, ಬಾಳೆ ನಾರಿನಿಂದ. ಗೂಡಿನ ಮಧ್ಯಕ್ಕೆ ಬಂದರೆ 1.2, ಕೆಳಗಿನ ದಾಸವಾಳದ ಎಲೆ ಮರೆಯಲ್ಲಿ 0.1. ಬೇಕಾದಲ್ಲಿ ಕೂರುವ ಕೆಲಸ ಅವನದು.

ಅವನು ಆ ಕೆಲಸ ಮಾಡುವುದನ್ನು ನೋಡಬೇಕು. ಬೆಳಗ್ಗೆ ಏಳಕ್ಕೆ ಸ್ವಿಚ್ ಹಾಕುತ್ತೇನೆ. ಕಿಟ್ಟ ಒಂದು ಕಣ್ಣು ಮೇಲೆ, ಒಂದು ಕಣ್ಣು ನನ್ನ ಕಡೆ ತಿರುಗಿಸುತ್ತಾನೆ. ಆಮೇಲೆ ಹಿಂದೆ ಮುಂದೆ ತೂಗುತ್ತ, ಹೆಜ್ಜೆಗೊಂದು ಅನುಮಾನದಲ್ಲಿ, ಮೇಲಿನ ಕೊಂಬೆಗೆ ಬರುತ್ತಾನೆ. ಮೈಯನ್ನು ಎಲೆಯ ಹಾಗೆ ಚಪ್ಪಟೆ ಮಾಡಿ ಒಂದು ಪಕ್ಕವನ್ನು ಬೆಳಕಿಗೆ ಒಡ್ಡುತ್ತಾನೆ. ಬೆಳಕು ಬಿದ್ದ ಪಕ್ಕ ಕಪ್ಪಾಗುತ್ತದೆ, ಈಚೆ ಪಕ್ಕ ತಿಳಿಹಸಿರಾಗಿಯೇ ಇರುತ್ತದೆ. ಹತ್ತು ನಿಮಿಷ ಕಳೆದು ತಿರುಗಿ ಕೂರುತ್ತಾನೆ, ದೋಸೆ ಮಗುಚಿ ಹಾಕಿದ ಹಾಗೆ. ಅಷ್ಟರಲ್ಲಿ ನಾನು ಎಲೆಗಳ ಮೇಲೆ ನೀರು ಚಿಮುಕಿಸುತ್ತೇನೆ. ಬಟ್ಟಲಿನ ನೀರು ಅವನಿಗೆ ಕಾಣುವುದೇ ಇಲ್ಲ, ಎಲೆಯಿಂದ ಇಳಿಯುವ ಹನಿಯನ್ನೇ ನೆಕ್ಕಬೇಕು. "ಓಂತಿಯ ಕಾಪಿ ಆಯ್ತಾ?" ಅಂತ ಅಮ್ಮ ಒಳಗಿನಿಂದ ಕೇಳುತ್ತಾರೆ. ಮೊದಲ ವರ್ಷ ಆ ಗೂಡಿನ ಕೋಣೆಗೇ ಬರುತ್ತಿರಲಿಲ್ಲ ಅವರು.

ಮೀಟರಿನಿಂದ ನಾನು ಎಣಿಸದಿದ್ದ ಲಾಭಗಳೂ ಆದವು. ಕಿಟಕಿಯ ಗಾಜಿನ ಹಿಂದೆ ಬಿಸಿಲು ಕಾಯಿಸಿದರೆ ಸಾಕು ಅಂತ ಒಬ್ಬ ಗೆಳೆಯ ವಾದ ಮಾಡುತ್ತಿದ್ದ. ಹೊರಗೆ 7, ಗಾಜಿನ ಒಳಗೆ 0.0 ತೋರಿಸಿದೆ. ಅಲ್ಲಿಗೆ ವಾದ ಮುಗಿಯಿತು. ಏಪ್ರಿಲಿನ ಮಧ್ಯಾಹ್ನ ಅಡಿಕೆ ಹರಡಿದ ಅಂಗಳದಲ್ಲಿ 12 ದಾಟಿತು. ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರದವರು ಯುವಿ ಸೂಚ್ಯಂಕಕ್ಕೆ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಕೊಡುತ್ತಾರಲ್ಲ, 11 ಆದರೆ ಕೆಂಪು. ಅಪ್ಪ ಅದೇ ಬಿಸಿಲಲ್ಲಿ ಬರಿ ಮೈಯಲ್ಲಿ ಅಡಿಕೆ ಎಳೆಯುತ್ತಿದ್ದರು. ಮೀಟರು ತೋರಿಸಿದೆ. "ಅಡಿಕೆ ಎಷ್ಟು ಒಣಗಿದೆ ಅಂತ ಹೇಳ್ತದಾ ಇದು?" ಇಲ್ಲ ಅಂದೆ. "ಮತ್ತೆ ಎಂತಕ್ಕೆ?"

ಎಂತಕ್ಕೆ ಅನ್ನುವ ಪ್ರಶ್ನೆ ನನಗೂ ಈಗೀಗ ಬರುತ್ತಿದೆ.

ಮೊದಲ ಮೂರು ತಿಂಗಳು ದಿನಕ್ಕೆ ಎರಡು ಸಲ ಅಳೆದೆ, ಪುಸ್ತಕದಲ್ಲಿ ಬರೆದಿಟ್ಟೆ. ಆಮೇಲೆ ವಾರಕ್ಕೊಮ್ಮೆ. ಈಗ ತಿಂಗಳಿಗೊಮ್ಮೆ, ಸಂಬಳದ ದಿನ. ಐದು ನಿಮಿಷದ ಕೆಲಸ. ಉಳಿದ ದಿನವೆಲ್ಲ ಅದು ಅಲಮಾರಿನಲ್ಲಿ, ಹಳೆಯ ಸ್ವೆಟರಿನ ಒಳಗೆ ಮಲಗಿರುತ್ತದೆ. ಬಟನ್ ಒತ್ತಿಯೇ ಹಿಡಿದಿರಬೇಕಾದ್ದರಿಂದ ಒಂದು ಕೈ ಅದಕ್ಕೇ ಬೇಕು. ಇನ್ನೊಂದು ಕೈಯಲ್ಲಿ ಕೊಂಬೆ ಸರಿಸಬೇಕು, ಅಳತೆ ಪಟ್ಟಿ ಹಿಡಿಯಬೇಕು, ಮೀಟರಿನ ಮೇಲೆ ಹತ್ತಲು ಬರುವ ಕಿಟ್ಟನನ್ನು ತಡೆಯಬೇಕು. ಸ್ವಲ್ಪ ವಾಲಿದರೆ 3.0 ಇದ್ದದ್ದು 2.4 ಆಗುತ್ತದೆ. ಹಿಂದಿನಿಂದ ಬೆಳಕಿಲ್ಲದ ಪರದೆಯನ್ನು ಗೂಡಿನ ಕೆಳ ಮೂಲೆಯಲ್ಲಿ ಓದುವುದಕ್ಕೆ ಮೊಬೈಲಿನ ಟಾರ್ಚು ಬೇಕು, ಅದಕ್ಕೆ ಮೂರನೇ ಕೈ ಬೇಕು.

ಆದರೆ ಒಂದು ಮಳೆಗಾಲದಲ್ಲಿ ಅದೇ ಮರ್ಯಾದೆ ಉಳಿಸಿತು. ಆಗಸ್ಟಿನಲ್ಲಿ 3.0 ಇದ್ದದ್ದು 2.2ಕ್ಕೆ ಬಿದ್ದಿತ್ತು. ಟ್ಯೂಬು ಮುಗಿಯಿತು, ಮತ್ತೆ 3,000 ರೂಪಾಯಿ ಅಂತ ತಲೆಬಿಸಿಯಾಯಿತು. ಹೊಸದು ಆರ್ಡರ್ ಮಾಡುವ ಮೊದಲು ಸುಮ್ನೆ ಒಮ್ಮೆ ರಿಫ್ಲೆಕ್ಟರ್ ಬಿಚ್ಚಿ ನೋಡಿದೆ. ಬಚ್ಚಲಿನ ಒಲೆಯ ಹೊಗೆ ಇಡೀ ಮಳೆಗಾಲ ಅದರ ಮೇಲೆ ಕೂತು ಕಂದು ಬಣ್ಣದ ಪದರವಾಗಿತ್ತು. ಜಾಲರಿಯ ತೂತುಗಳಲ್ಲಿ ದೀಪದ ಹುಳಗಳ ರೆಕ್ಕೆ. ಸ್ವಿಚ್ ತೆಗೆದು, ತಣಿಯಲು ಬಿಟ್ಟು, ಒದ್ದೆ ಬಟ್ಟೆಯಲ್ಲಿ ಒರೆಸಿದೆ. 2.8! ವರ್ಷಕ್ಕೊಮ್ಮೆ ಟ್ಯೂಬು ಬದಲಿಸಿ ಅಂತ ಎಲ್ಲರೂ ಹೇಳುತ್ತಾರೆ. ಮೀಟರಿಲ್ಲದವರಿಗೆ ಅದು ಸರಿಯೇ. ನನ್ನ ಟ್ಯೂಬು 19 ತಿಂಗಳು ಓಡಿತು, 2.3ಕ್ಕೆ ಇಳಿದ ಮೇಲೆ ತೆಗೆದೆ. ಉಳಿದದ್ದು ಏಳು ತಿಂಗಳ ಟ್ಯೂಬಿನ ಹಣ, ಹೆಚ್ಚೆಂದರೆ 1,750. ಈ ಲೆಕ್ಕದಲ್ಲಿ ಮೀಟರಿನ ದುಡ್ಡು ವಾಪಸು ಬರುವಾಗ ಕಿಟ್ಟ ಇರುವುದಿಲ್ಲ, ನನಗೂ ಪಿಂಚಣಿ ಶುರುವಾಗಿರುತ್ತದೆ.

ಕಿಟ್ಟನ ಮುಂಗಾಲು ಈಗಲೂ ಸ್ವಲ್ಪ ಬಾಗಿಯೇ ಇದೆ. ಬಾಗಿದ್ದು ನೇರವಾಗುವುದಿಲ್ಲವಂತೆ. ಹಿಡಿತ ಮಾತ್ರ ಗಟ್ಟಿಯಾಗಿದೆ. ಬೆರಳು ಹಿಡಿದರೆ ಬಿಡಿಸಿಕೊಳ್ಳಲು ಎರಡು ನಿಮಿಷ ಬೇಕು.

ಒಂದೇ ಪ್ರಾಣಿ ಇದ್ದು, ಒಳ್ಳೆಯ ಟಿ5 ಟ್ಯೂಬನ್ನು ಗುರುತಿನವರಿಂದ ತರಿಸುವವರು ಇದನ್ನು ಒಬ್ಬರೇ ಕೊಳ್ಳಬೇಡಿ. ನಾಲ್ಕೈದು ಜನ ಸೇರಿ ಕೊಳ್ಳಿ. ಯುವಿ ಇದೆಯಾ ಅಂತ ನೋಡಲು ಸಿಗುವ, ಬಣ್ಣ ಬದಲಾಗುವ ಕಾರ್ಡುಗಳನ್ನು ಮಾತ್ರ ನಂಬಬೇಡಿ. ಯುವಿಬಿ ಎಷ್ಟು ಅಂತ ಅವು ಹೇಳುವುದಿಲ್ಲ, ನನ್ನ ಹತ್ತಿರ ಇದ್ದದ್ದು ಬರಿ ಯುವಿಎಗೇ (ಡಿ3 ತಯಾರಿಸದ ಇನ್ನೊಂದು ಬಗೆಯ ಯುವಿ ಕಿರಣ) ನೇರಳೆಯಾಗುತ್ತಿತ್ತು. ನನ್ನ ಮೀಟರು ಈಗಾಗಲೇ ಪುತ್ತೂರಿಗೆ ಎರಡು ಸಲ, ಕುಂಬಳೆಗೆ ಒಂದು ಸಲ ಹೋಗಿ ಬಂದಿದೆ. ಕುಂಬಳೆಯಲ್ಲಿ ಒಂದು ಆಮೆಯ ಬಲ್ಬು ಅಳೆದೆವು. ಅದೂ 0.0, ಡಬ್ಬಿಯ ಮೇಲೆ ಅದೇ ಮರುಭೂಮಿಯ ಚಿತ್ರ. ಹತ್ತಿರದವರು ಯಾರಿಗಾದರೂ ಬೇಕಿದ್ದರೆ ಭಾನುವಾರ ಬನ್ನಿ, ಅಳೆದುಕೊಂಡು ಹೋಗಿ. 9 ವೋಲ್ಟಿನ ಬ್ಯಾಟರಿ ನೀವೇ ತನ್ನಿ. ರೇಟಿನ ವಿಷಯ ಅಪ್ಪನ ಎದುರು ಎತ್ತಬೇಡಿ.