ಜೋಡಿ ಚರ್ಚೆಯೋ, ಜಿಗ್ಸಾ ಗುಂಪೋ: ಮುಂಬಯಿಯ ಕನ್ನಡ ತರಗತಿಗೆ ಯಾವುದು?

ಪಿರಿಯಡ್ 35 ನಿಮಿಷದ್ದು, ಬೆಂಚುಗಳು ಸರಿಸಲಾಗದಷ್ಟು ಒತ್ತೊತ್ತು. ಮುಂಬಯಿಯ ಕನ್ನಡ ಮಾಧ್ಯಮ ತರಗತಿ ಹೀಗಿದ್ದರೆ ಜೋಡಿ ಚರ್ಚೆಯಿಂದಲೇ ಶುರು ಮಾಡಿ.

ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಲ್ಲಿ ಬಳಕೆಗೆ ತಂದ ಕ್ರಮವಿದು. ಹಲಗೆಯ ಮೇಲೆ ನಾಲ್ಕು ಆಯ್ಕೆಗಳ ಒಂದು ಪ್ರಶ್ನೆ ಬರೆಯಿರಿ. ಎರಡು ನಿಮಿಷ ಒಬ್ಬೊಬ್ಬರೇ ಯೋಚಿಸಿ, ಆರಿಸಿದ ಉತ್ತರದ ಸಂಖ್ಯೆಯಷ್ಟು ಬೆರಳು ತೋರಿಸಲಿ. ಸರಿಯುತ್ತರ ಶೇ. 30ರಿಂದ 70ರೊಳಗಿದ್ದರೆ ಪಕ್ಕದವರೊಡನೆ ಮೂರು ನಿಮಿಷ ವಾದ, ಮತ್ತೆ ಬೆರಳು. ಅದಕ್ಕಿಂತ ಕಡಿಮೆಯಿದ್ದರೆ ಚರ್ಚೆ ಬೇಡ, ನೀವೇ ಇನ್ನೊಮ್ಮೆ ವಿವರಿಸಿ. ತಿಳಿಯದವರೇ ತಿಳಿಯದವರಿಗೆ ಹೇಳಿದರೆ ತಪ್ಪು ಗಟ್ಟಿಯಾಗುತ್ತದೆ. ಬೆರಳನ್ನು ಎದೆಗೆ ಒತ್ತಿ ಹಿಡಿಸಿ, ಇಲ್ಲವಾದರೆ ಎಲ್ಲರ ಕಣ್ಣೂ ಜಾಣರ ಕೈಮೇಲೆ. ಮಾತಿನಲ್ಲಿ ಬೀದಿಯ ಹಿಂದಿ, ಮರಾಠಿ, ಮನೆಯ ಕಲಬುರಗಿ ಕನ್ನಡ ಬೆರೆತರೆ ದಯವಿಟ್ಟು ತಡೆಯಬೇಡಿ. ಕಾರಣ ಸರಿಯಿದೆಯೇ ಎಂಬುದನ್ನಷ್ಟೇ ಕೇಳಿ.

ಜಿಗ್ಸಾ ಎಂಬುದು ಮನೋವಿಜ್ಞಾನಿ ಎಲಿಯಟ್ ಅರಾನ್ಸನ್ 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ರೂಪಿಸಿದ್ದು. ಪಾಠವನ್ನು ಐದು ತುಂಡು ಮಾಡಿ, ಐವರ ಗುಂಪಿನಲ್ಲಿ ತಲಾ ಒಂದು ಹಂಚಬೇಕು. ಒಂದೇ ತುಂಡು ಸಿಕ್ಕವರು ಒಟ್ಟಾಗಿ ಚರ್ಚಿಸಿ, ಮರಳಿ ತಮ್ಮ ಗುಂಪಿಗೆ ಕಲಿಸುತ್ತಾರೆ. ಓಡಾಟಕ್ಕೆ ಜಾಗ ಬೇಕು, ಸಮಯವೂ ಹೆಚ್ಚು. ಮಳೆಗೆ ಲೋಕಲ್ ರೈಲು ನಿಂತು ಒಬ್ಬ ಗೈರಾದರೆ ಆ ಗುಂಪಿಗೆ ಒಂದು ತುಂಡೇ ಇಲ್ಲ. ಪಕ್ಕದ ಗುಂಪಿನವರನ್ನು ಕರೆಸಿ ಹೇಳಿಸಿ.

ಗಣಿತ, ವಿಜ್ಞಾನಕ್ಕೆ ಜೋಡಿ ಸಾಕು. ಇತಿಹಾಸದಂಥ ಓದಿನ ಪಾಠಕ್ಕೆ, ಎರಡು ಪಿರಿಯಡ್ ಒಟ್ಟಿಗೆ ಸಿಕ್ಕ ದಿನ, ಜಿಗ್ಸಾ.